ಬೆಚ್ಚನೆಯ ನೀರಿನ ಹಾಸಿಗೆಯಿಂದ ನಿದ್ದೆ ಸುಧಾರಿಸುವುದೇ?

ಪ್ರಶ್ನೆ: ನನಗೆ 58 ವರ್ಷ. ಮಲಗಿದಾಗ ಅಂಗೈ, ಅಂಗಾಲು ತಣ್ಣಗಿದ್ದು ಬಹಳ ಹೊತ್ತು ನಿದ್ದೆ ಹತ್ತುವುದಿಲ್ಲ; ಹತ್ತಿದರೂ ಸೊಂಟನೋವಿನಿಂದ ಪದೇಪದೇ ಎಚ್ಚರವಾಗುತ್ತದೆ. ಹೀಟರ್ ಇರುವ ವಾಟರ್‌ಬೆಡ್ ಬಳಸಿದರೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಇದನ್ನು ನಂಬಬಹುದೇ?

ಉತ್ತರ: ನಿಮ್ಮ ಎರಡೂ ತೊಂದರೆಗಳಿಗೆ ಇಂಥ ಹಾಸಿಗೆಯಿಂದ ನೆರವು ಸಿಗುವ ಸಾಧ್ಯತೆ ಇದೆ. ಆದರೆ ನೀರನ್ನು ಎಷ್ಟು ಬೆಚ್ಚಗೆ ಇಡುತ್ತೀರಿ ಎಂಬುದರ ಮೇಲೆ ಬಹುಪಾಲು ಫಲ ನಿಂತಿದೆ.

ನಿದ್ದೆಗೆ ಜಾರುವ ಹೊತ್ತಿಗೆ ದೇಹದ ಒಳಗಿನ ತಾಪಮಾನ ಇಳಿಯತೊಡಗುತ್ತದೆ. ರಾತ್ರಿಯ ಒಟ್ಟು ಇಳಿಕೆ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ. ಆ ಶಾಖ ಹೊರಹೋಗಬೇಕಾದರೆ ಅಂಗೈ, ಅಂಗಾಲುಗಳ ರಕ್ತನಾಳಗಳು ಹಿಗ್ಗಿ, ಬಿಸಿ ರಕ್ತ ಚರ್ಮದ ಹತ್ತಿರಕ್ಕೆ ಹರಿದುಬರಬೇಕು. ಕೈಕಾಲು ತಣ್ಣಗಿರುವವರಲ್ಲಿ ಈ ನಾಳಗಳು ಕುಗ್ಗಿಯೇ ಇರುವುದರಿಂದ ಶಾಖ ಒಳಗೇ ಉಳಿದು, ನಿದ್ದೆ ಮುಂದಕ್ಕೆ ಹೋಗುತ್ತದೆ. ಪಾದಗಳು ಬೆಚ್ಚಗಿದ್ದವರಿಗೆ ನಿದ್ದೆ ಬೇಗ ಬರುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಶೋಧಕರು 1999ರಲ್ಲಿ ತೋರಿಸಿಕೊಟ್ಟರು. ಹೊರಗಿನಿಂದ ಬೆಚ್ಚಗಾದರೆ ಒಳಗೆ ತಣಿಯುತ್ತದೆ ಎಂಬ ಮಾತು ವಿಚಿತ್ರವೆನಿಸಬಹುದು. ಮಲಗುವ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿದರೆ ನಿದ್ದೆ ಬೇಗ ಹತ್ತುವುದಕ್ಕೂ ಇದೇ ಕಾರಣ.

ಈಗ ಹಾಸಿಗೆಯ ವಿಚಾರಕ್ಕೆ ಬರೋಣ. ಹತ್ತಿ ಅಥವಾ ಫೋಮ್ ಹಾಸಿಗೆ ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡಿರುವುದರಿಂದ ಮೈಯ ಶಾಖಕ್ಕೇ ಬೆಚ್ಚಗಾಗುತ್ತದೆ. ನೀರು ನಿಂತ ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಅದೂ ನೂರಾರು ಲೀಟರ್ ನೀರು 20 ಡಿಗ್ರಿಯಲ್ಲಿದ್ದರೆ ಅದು ರಾತ್ರಿಯಿಡೀ ಮೈಯಿಂದ ಶಾಖವನ್ನು ಸೆಳೆಯುತ್ತಲೇ ಇರುತ್ತದೆ, ಮಲಗಿದವರು ನಡುಗುತ್ತಾ ಏಳುತ್ತಾರೆ. ಆದ್ದರಿಂದ ಹೀಟರನ್ನು ಹೆಚ್ಚಿನ ಅನುಕೂಲವೆಂದು ಎಣಿಸದೆ ಈ ಹಾಸಿಗೆಯ ಅವಿಭಾಜ್ಯ ಅಂಗವೆಂದೇ ತಿಳಿಯಬೇಕು. ಹಾಸಿಗೆಯಲ್ಲಿ ಮಲಗಿದವರ ಚರ್ಮದ ತಾಪಮಾನ ಸಾಮಾನ್ಯವಾಗಿ 33ರಿಂದ 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನೀರು ಅದಕ್ಕಿಂತ ಸ್ವಲ್ಪ ಕಡಿಮೆ, ಅಂದರೆ 28ರಿಂದ 32 ಡಿಗ್ರಿಯೊಳಗೆ ಇದ್ದರೆ ಹೆಚ್ಚಿನವರಿಗೆ ಹಿತವಾಗುತ್ತದೆ. ನೀವು 30 ಡಿಗ್ರಿಯಿಂದ ಆರಂಭಿಸಿ, ಕೆಲವು ರಾತ್ರಿ ನೋಡಿ, ಆಮೇಲೆ ಒಂದೊಂದೇ ಡಿಗ್ರಿ ಬದಲಿಸಿರಿ. ಮಲಗುವ ಮುನ್ನ ಗುಂಡಿ ತಿರುಗಿಸಿದರೆ ಪ್ರಯೋಜನವಿಲ್ಲ: 600 ಲೀಟರ್ ನೀರನ್ನು 300 ವಾಟ್‌ನ ಹೀಟರ್ ಒಂದು ಡಿಗ್ರಿ ಏರಿಸುವುದಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತು ಬೇಕು.

ಹೆಚ್ಚು ಬಿಸಿಯಾದರೆ ಹೆಚ್ಚು ನಿದ್ದೆ ಬರುತ್ತದೆ ಎಂದು ಮಾತ್ರ ಭಾವಿಸಬೇಡಿ. ಕನಸು ಬೀಳುವ ಹಂತದ ನಿದ್ದೆಯಲ್ಲಿ ಬೆವರುವ, ನಡುಗುವ ಪ್ರತಿಕ್ರಿಯೆಗಳು ಕುಂದಿರುತ್ತವೆಯಾದ್ದರಿಂದ, ಹಾಸಿಗೆ ಅತಿ ಬಿಸಿಯಾಗಿದ್ದರೆ ಆ ನಿದ್ದೆಯೇ ಮೊದಲು ಮುರಿಯುತ್ತದೆ.

ಸೊಂಟನೋವಿಗೆ ಸಂಬಂಧಿಸಿದಂತೆ, ನೀರು ಮೈಯ ಆಕಾರಕ್ಕೆ ಹೊಂದಿಕೊಂಡು ಭಾರವನ್ನು ಹಂಚುತ್ತದೆ. ಭುಜ ಮತ್ತು ಸೊಂಟದ ಮೂಳೆಗಳ ಮೇಲಿನ ಒತ್ತಡ ತಗ್ಗುತ್ತದೆ. ಸ್ಕಾಟ್ಲೆಂಡಿನ ವೈದ್ಯ ನೀಲ್ ಆರ್ನಟ್ 1830ರ ದಶಕದಲ್ಲಿ ನೀರಿನ ಹಾಸಿಗೆಯನ್ನು ರೂಪಿಸಿದ್ದು, ಹಾಸಿಗೆ ಹಿಡಿದ ರೋಗಿಗಳಿಗೆ ಹುಣ್ಣಾಗದಿರಲಿ ಎಂದೇ. ದೀರ್ಘಕಾಲದ ಬೆನ್ನುನೋವು ಇದ್ದ 160 ಮಂದಿಯ ಮೇಲೆ ಡೆನ್ಮಾರ್ಕಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೀರಿನ ಹಾಸಿಗೆ ಮತ್ತು ಮೈಗೆ ಹೊಂದಿಕೊಳ್ಳುವ ಫೋಮ್ ಹಾಸಿಗೆಗಳು ಗಟ್ಟಿ ಹಾಸಿಗೆಗಿಂತ ಉತ್ತಮವೆಂದು ಕಂಡುಬಂದವು. ಅಂತರ ಮಾತ್ರ ಚಿಕ್ಕದು. ನೋವು ಕಾಲಿಗೆ ಇಳಿಯುತ್ತಿದ್ದರೆ ಅಥವಾ ಜೋಮು ಹಿಡಿಯುತ್ತಿದ್ದರೆ, ಹಾಸಿಗೆ ಕೊಳ್ಳುವ ಮೊದಲು ವೈದ್ಯರನ್ನು ಕಾಣಿರಿ.

ಪ್ರಶ್ನೆ: ನಮ್ಮ ತಾಯಿಯವರಿಗೆ ಬಹುಕಾಲದಿಂದ ಮಧುಮೇಹವಿದ್ದು, ಪಾದಗಳ ಸ್ಪರ್ಶಜ್ಞಾನ ಕಡಿಮೆಯಾಗಿದೆ. ಅವರು ಇದನ್ನು ಬಳಸಬಹುದೇ?

ಉತ್ತರ: ವೈದ್ಯರ ಒಪ್ಪಿಗೆ ಪಡೆದು, ಎಚ್ಚರಿಕೆಯಿಂದ ಬಳಸಬಹುದು. ಬಿಸಿ ತಿಳಿಯದ ಪಾದಕ್ಕೆ ಸಾಧಾರಣ ಶಾಖವೂ ಗಂಟೆಗಟ್ಟಲೆ ತಗುಲಿದರೆ ಗಾಯ ಮಾಡೀತು. ಥರ್ಮೋಸ್ಟಾಟ್ ಕೆಟ್ಟಿದ್ದರೆ ಅದು ಅವರ ಅರಿವಿಗೇ ಬಾರದು. ಆದ್ದರಿಂದ ಬೇರೆ ಥರ್ಮಾಮೀಟರಿನಿಂದ ಮನೆಯವರು ಆಗಾಗ ತಾಪಮಾನವನ್ನು ನೋಡಬೇಕು, ಪಾದಗಳನ್ನು ದಿನವೂ ಪರೀಕ್ಷಿಸಬೇಕು. ಅಲುಗಾಡುವ ಹಾಸಿಗೆಯಿಂದ ಏಳುವುದು ವಯಸ್ಸಾದವರಿಗೆ ಕಷ್ಟವಾಗುತ್ತದೆಯಾದ್ದರಿಂದ, ಅಲೆಯನ್ನು ತಗ್ಗಿಸಲು ಒಳಗೆ ನಾರಿನ ಪದರಗಳಿರುವ ಹಾಸಿಗೆಯನ್ನೇ ಆರಿಸಿರಿ.

ಪ್ರಶ್ನೆ: ನಿರ್ವಹಣೆ ಕಷ್ಟವೇ? ಪುಟ್ಟ ಮಗುವನ್ನು ಜೊತೆಯಲ್ಲಿ ಮಲಗಿಸಿಕೊಳ್ಳಬಹುದೇ?

ಉತ್ತರ: ಮಗುವನ್ನು ಖಂಡಿತ ಮಲಗಿಸಬಾರದು. ಮೆತ್ತನೆಯ ಮೇಲ್ಮೈಯಲ್ಲಿ ಮಗುವಿನ ಮುಖ ಹುದುಗಿ ಉಸಿರುಕಟ್ಟುವ ಅಪಾಯವಿದೆ. ಅದಕ್ಕೆ ಸಮತಟ್ಟಾದ, ಗಟ್ಟಿಯಾದ ಬೇರೆ ಹಾಸಿಗೆಯೇ ಬೇಕು. ನಿರ್ವಹಣೆ ಅಷ್ಟೇನೂ ಕಷ್ಟವಲ್ಲ. ನೀರಿನಲ್ಲಿ ಪಾಚಿ ಕಟ್ಟದಂತೆ ತಯಾರಕರು ಸೂಚಿಸಿದ ದ್ರಾವಣವನ್ನು ಹೇಳಿದ ಅವಧಿಗೆ ಹಾಕಬೇಕು, ಒಳಗೆ ಸೇರಿದ ಗಾಳಿಯನ್ನು ತೆಗೆಯಬೇಕು. ಹೀಟರ್ ನೀರಿನ ಚೀಲದ ಅಡಿಯಲ್ಲಿರುವುದರಿಂದ, ಚೀಲ ತುಂಬುವ ಮೊದಲು ಅದನ್ನು ಚಾಲೂ ಮಾಡಬಾರದು. ಇಬ್ಬರು ಮಲಗುವ ದೊಡ್ಡ ಹಾಸಿಗೆಯ ನೀರೇ 600 ಕಿಲೋಗ್ರಾಂ ಮೀರಬಹುದು. ಮಹಡಿಯ ಮೇಲಿನ ಕೋಣೆಯಾದರೆ ನೆಲ ಆ ಭಾರವನ್ನು ತಾಳುತ್ತದೆಯೇ ಎಂದು ಎಂಜಿನಿಯರರಿಂದ ಮೊದಲೇ ಖಚಿತಪಡಿಸಿಕೊಳ್ಳಿರಿ. ಹಗಲಿನಲ್ಲಿ ದಪ್ಪ ಹೊದಿಕೆಯನ್ನು ಮುಚ್ಚಿಟ್ಟರೆ ಶಾಖ ಸೋರದೆ ವಿದ್ಯುತ್ ಖರ್ಚೂ ಕಡಿಮೆಯಾಗುತ್ತದೆ.