ಬಿ ರಿಪೋರ್ಟ್ ಆದ ಮೇಲೂ ಡಿಎನ್‌ಎ ಪೊಲೀಸರ ಬಳಿಯೇ?

ಪ್ರಶ್ನೆ: ಜಾತ್ರೆಯಲ್ಲಿ ಹೊಡೆದಾಟವಾಗಿ ನನ್ನ ತಮ್ಮನನ್ನು ಬಂಧಿಸಿದ್ದರು. ಬೆರಳಚ್ಚು, ಫೋಟೊ ಜೊತೆಗೆ ಬಾಯೊಳಗಿನ ಸ್ವ್ಯಾಬ್ ಕೂಡ ತೆಗೆದುಕೊಂಡರು. ಆಮೇಲೆ ಕೇಸ್ ಮುಗಿಸಬಹುದು ಅಂತ ಕೋರ್ಟಿಗೆ ಬಿ ರಿಪೋರ್ಟ್ ಹಾಕಿದರು. ಅವನ ಡಿಎನ್‌ಎ ದಾಖಲೆ ತಾನಾಗಿಯೇ ಅಳಿಸಿಹೋಗುತ್ತೆ ಅಲ್ವಾ ಸರ್?

ಉತ್ತರ: ಹಾಗಂತ ಸುಮ್ನೆ ಕೂರಬೇಡಿ. ಈ ಪ್ರಶ್ನೆ ಕೇಳುವವರೆಲ್ಲ ಕೈಕಟ್ಟಿ ಕಾಯುತ್ತಿರುತ್ತಾರೆ. ನನಗೆ ಸಿಟ್ಟು ಬರುವುದೇ ಅದಕ್ಕೆ.

2022ರ ಕ್ರಿಮಿನಲ್ ಪ್ರೊಸೀಜರ್ ಐಡೆಂಟಿಫಿಕೇಶನ್ ಕಾಯ್ದೆ ಪ್ರಕಾರ ಇಂಥ ದಾಖಲೆ ನ್ಯಾಷನಲ್ ಕ್ರೈಂ ರೆಕಾರ್ಡ್ಸ್ ಬ್ಯೂರೊದಲ್ಲಿ 75 ವರ್ಷ ಇರುತ್ತದೆ. ವಿಚಾರಣೆಯಿಲ್ಲದೆ ಬಿಟ್ಟರೆ, ಡಿಸ್ಚಾರ್ಜ್ (ಆರೋಪಕ್ಕೆ ಆಧಾರವಿಲ್ಲ ಅಂತ ಕೋರ್ಟ್ ಕೈಬಿಡುವುದು) ಅಥವಾ ಖುಲಾಸೆಯಾದರೆ ನಾಶ ಮಾಡಬೇಕು ಅಂತ ನಾಲ್ಕನೇ ಸೆಕ್ಷನ್ ಹೇಳುತ್ತದೆ. ಅದರಲ್ಲೂ ಕೊಕ್ಕೆಗಳಿವೆ. ಜೈಲುಶಿಕ್ಷೆ ಇರುವ ಅಪರಾಧದಲ್ಲಿ ಹಿಂದೆ ಅಪರಾಧಿ ಎಂದು ತೀರ್ಪಾಗಿರಬಾರದು. ಮೇಲ್ಮನವಿಯ ದಾರಿಗಳೆಲ್ಲ ಮುಗಿದಿರಬೇಕು. ಕೋರ್ಟ್ ಕಾರಣ ಬರೆದು ಇರಲಿ ಅಂದರೆ ದಾಖಲೆ ಉಳಿಯುತ್ತದೆ. ನಾಶದ ಕೋರಿಕೆ ಸರ್ಕಾರ ಇದಕ್ಕೆಂದು ನೇಮಿಸಿದ ನೋಡಲ್ ಅಧಿಕಾರಿಗೆ ಹೋಗಬೇಕು. ಬೇರೆ ಕೇಸಿಗೆ ನಂಟಿಲ್ಲ ಅಂತ ನೋಡಿ ಅವರು ಬ್ಯೂರೊಗೆ ಶಿಫಾರಸು ಮಾಡುತ್ತಾರೆ.

ಮೊದಲು ಬಿ ರಿಪೋರ್ಟನ್ನು ಮ್ಯಾಜಿಸ್ಟ್ರೇಟ್ ಒಪ್ಪಿದ್ದಾರಾ ನೋಡಿ. ಒಪ್ಪದಿದ್ದರೆ ಕೇಸ್ ಮುಗಿದಿಲ್ಲ. ಒಪ್ಪಿದ್ದರೆ ಆದೇಶದ ಸರ್ಟಿಫೈಡ್ ಕಾಪಿ ತೆಗೆಸಿ, ಅದರ ಜೊತೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಭರವಸೆ ನಂಬಬೇಡಿ.

ಇನ್ನು ಸ್ವ್ಯಾಬ್ ತೆಗೆದದ್ದೇ ಸರಿಯೇ? ಹೆಂಗಸರು, ಮಕ್ಕಳ ಮೇಲಿನ ಅಪರಾಧವಲ್ಲದ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಾದರೆ ಈ ಕಾಯ್ದೆಯಡಿ ರಕ್ತ, ಎಂಜಲು ಕೊಡಲೇಬೇಕೆಂದಿಲ್ಲ. ಬೆರಳಚ್ಚಿಗೆ ಈ ವಿನಾಯಿತಿ ಇಲ್ಲ. ಆದರೆ ಆ ಕೇಸಿಗೇ ಸಾಕ್ಷ್ಯ ಬೇಕಿದ್ದರೆ ಕ್ರಿಮಿನಲ್ ಪ್ರಕ್ರಿಯೆಯ ಕಾಯ್ದೆಯಾದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 51ರಡಿ ಪೊಲೀಸರು ಕೋರಿದಾಗ ವೈದ್ಯರು ಸ್ಯಾಂಪಲ್ ತೆಗೆಯಬಹುದು. ಮ್ಯಾಜಿಸ್ಟ್ರೇಟ್ ಆದೇಶವೂ ಇದ್ದಿರಬಹುದು. ಯಾವ ಸೆಕ್ಷನ್ನಿನಡಿ ತೆಗೆದರು ಅಂತ ವಕೀಲರ ಮೂಲಕ ಬರಹದಲ್ಲೇ ಕೇಳಿ.

ತಪ್ಪು ಮಾಡದವನಿಗೆ ಭಯ ಯಾಕೆ ಅನ್ನುವವರು ಜಾಸ್ತಿ. ಬ್ರಿಟನ್ನಿನಲ್ಲಿ ದರೋಡೆ ಯತ್ನದ ಆರೋಪದ ಮೇಲೆ 11 ವರ್ಷದ ಹುಡುಗನನ್ನು ಹಿಡಿದು, ಖುಲಾಸೆಯಾದ ಮೇಲೂ ಅವನ ಡಿಎನ್‌ಎ ಇಟ್ಟುಕೊಂಡಿದ್ದರು. ಅದು ಖಾಸಗಿ ಬದುಕಿನ ಹಕ್ಕಿಗೆ ಧಕ್ಕೆ ಅಂತ 2008ರಲ್ಲಿ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಒಮ್ಮತದಿಂದ ಹೇಳಿತು. ನಿಮ್ಮ ತಮ್ಮನ ಡಿಎನ್‌ಎಯಲ್ಲಿ ನಿಮ್ಮ ಸುಳಿವೂ ಇದೆ, ಅಪ್ಪ ಅಮ್ಮನದೂ ಇದೆ. ಇದು ಅವನೊಬ್ಬನ ಚಿಂತೆಯಲ್ಲ.

ಪ್ರಶ್ನೆ: ಸ್ವ್ಯಾಬ್ ತೆಗೆಯುವ ಮೊದಲೇ ಎಲೆಅಡಿಕೆ ಹಾಕಿಕೊಂಡರೆ ಡಿಎನ್‌ಎ ಬದಲಾಗುತ್ತಾ?

ಉತ್ತರ: ಇಲ್ಲ. ಹೇಳಿಕೊಟ್ಟವರ ಮಾತು ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ದುಡ್ಡು ಕೊಟ್ಟರೆ ದಾಖಲೆ ಅಳಿಸಿಸುತ್ತೇನೆ ಅಂತ ಒಬ್ಬರು ಬಂದಿದ್ದಾರೆ.

ಉತ್ತರ: ಮೋಸ. ಆದೇಶದ ಕಾಪಿಯನ್ನೂ ಅವರ ಕೈಗೆ ಕೊಡಬೇಡಿ.

ಪ್ರಶ್ನೆ: ಡಿಎನ್‌ಎ ಹೊಂದಿದರೆ ಅವನೇ ಅಪರಾಧಿ ಅಂತ ಆಯ್ತಲ್ಲ?

ಉತ್ತರ: ಆಗಲಿಲ್ಲ. ಜರ್ಮನಿಯಲ್ಲಿ ಕೊಲೆ, ಕಳ್ಳತನ ನಡೆದ ಎಷ್ಟೋ ಕಡೆ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಿತ್ತು. ಪೊಲೀಸರು ವರ್ಷಗಟ್ಟಲೆ ಅವಳನ್ನು ಹುಡುಕಿದರು. ಕೊನೆಗೆ 2009ರಲ್ಲಿ ಗೊತ್ತಾಯಿತು, ಅದು ಪೊಲೀಸರು ಸ್ಯಾಂಪಲ್ ತೆಗೆಯಲು ಬಳಸುತ್ತಿದ್ದ ಸ್ವ್ಯಾಬ್ ಕಡ್ಡಿಗಳ ತಯಾರಿಕೆಯಲ್ಲಿದ್ದ ಕೆಲಸಗಾರ್ತಿಯದು. ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಸೀಲ್ ಸರಿಯಿತ್ತಾ ಅಂತ ವಕೀಲರು ಕೋರ್ಟಿನಲ್ಲಿ ಕೇಳಲೇಬೇಕು.