ನಾಯಿ ಇಷ್ಟ ಅಂತ ಬಂದ ಹುಡುಗಿ

ಹುಡುಗಿ, ಅವಳ ಅಪ್ಪ ಅಮ್ಮ ಮೂವರೂ ಬರೀರಿ ಪರ್ವಾಗಿಲ್ಲ ಅಂದಮೇಲೇ ಇದನ್ನ ಬರೀತಿದೀನಿ. ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ, ಹೆಸರೂ ಬೇಡ, ಹುಡುಗಿ ಅಂತಲೇ ಇರ್ಲಿ.

ಹೈಸ್ಕೂಲ್ ಕೊನೇ ವರ್ಷ, 17 ವಯಸ್ಸು. ಮುಂದೆ ಏನ್ ಓದ್ಬೇಕು, ಯಾವ ಕೆಲಸ ಹಿಡೀಬೇಕು ಅಂತ ಮಕ್ಕಳಿಗೆ ಸಲಹೆ ಕೊಡೋದು ನನ್ನ ಕೆಲಸ. ನನ್ನ ಹತ್ರ ಬರೋ ಮಕ್ಕಳು ಸಾಮಾನ್ಯವಾಗಿ "ಮುಂದೆ ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಮೇಡಂ" ಅಂತ ಶುರು ಮಾಡ್ತಾರೆ, ಇವಳದ್ದು ಉಲ್ಟಾ, ಎಲ್ಲಾ ಗೊತ್ತಿತ್ತು. ವೆಟರ್ನರಿ ಡಾಕ್ಟರ್ ಆಗ್ಬೇಕು, ಏಳು ವರ್ಷದವಳಿದ್ದಾಗಿಂದ ಇದೊಂದೇ ಮಾತು, ಯಾಕೆ ಅಂದ್ರೆ "ನಂಗೆ ನಾಯಿ ಅಂದ್ರೆ ಪ್ರಾಣ". ಸರಿ, ಮತ್ತೆ ನನ್ನ ಹತ್ರ ಯಾಕಮ್ಮ ಬಂದಿದ್ದು ಅಂದೆ. ಅದಕ್ಕೆ ಅವಳಮ್ಮ ಹೇಳಿದ್ರು, ಒಂದೆರಡು ತಿಂಗಳಿಂದ ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಅಪ್ಲಿಕೇಶನ್ ಓಪನ್ ಮಾಡ್ತಾಳೆ, ಹೆಸರು ವಿಳಾಸ ಮಾರ್ಕ್ಸು ಎಲ್ಲಾ ತುಂಬ್ತಾಳೆ, "ಈ ಕೋರ್ಸನ್ನು ಯಾಕೆ ಆರಿಸಿಕೊಂಡಿದ್ದೀರಿ" ಅನ್ನೋ ಬಾಕ್ಸ್ ಬಂದ ತಕ್ಷಣ ಲ್ಯಾಪ್‌ಟಾಪ್ ಮುಚ್ಚಿಬಿಡ್ತಾಳೆ.

ಇಲ್ಲಿ ನನ್ನದೊಂದು ತಪ್ಪು ಒಪ್ಕೊಳ್ಳೇಬೇಕು. ಮೊದಲನೇ ದಿನಾನೇ ಇಂಟರೆಸ್ಟ್ ಟೆಸ್ಟ್ ಕೊಟ್ಬಿಟ್ಟೆ. ಜಾನ್ ಹಾಲೆಂಡ್ ಅನ್ನೋ ಅಮೆರಿಕದ ಸೈಕಾಲಜಿಸ್ಟ್ 1959ರಲ್ಲಿ ಮುಂದಿಟ್ಟ ವಿಚಾರದಿಂದ ಬೆಳೆದಿದ್ದು ಅದು, ಕೈಯಿಂದ ಮಾಡೋದು, ಕೆದಕಿ ಹುಡುಕೋದು, ಕಲೆ, ಜನರಿಗೆ ನೆರವಾಗೋದು, ಜನರನ್ನ ಒಪ್ಪಿಸಿ ಮುನ್ನಡೆಸೋದು, ಲೆಕ್ಕ-ದಾಖಲೆ ಅಚ್ಚುಕಟ್ಟಾಗಿಡೋದು ಅಂತ ಆಸಕ್ತಿಗಳನ್ನ ಆರು ಥರ ಮಾಡ್ತಾರೆ, ಕೆಲಸಗಳನ್ನೂ ಅದೇ ಆರರಲ್ಲಿ ಹಂಚ್ತಾರೆ. ಇವಳಿಗೆ ನೆರವಾಗೋದು ಎಲ್ಲಕ್ಕಿಂತ ಮೇಲೆ ಬಂತು, ಕೆದಕಿ ಹುಡುಕೋದು ಎರಡನೇದು. "ನೋಡಿ ಮೇಡಂ, ಕರೆಕ್ಟಾಗೇ ಇದೆ" ಅಂತ ಖುಷಿಯಾಗಿ ಎದ್ದು ಹೋದ್ಲು, ಬಾಕ್ಸ್ ಮಾತ್ರ ಮುಂದಿನ ವಾರಾನೂ ಖಾಲಿನೇ. ಆಮೇಲೆ ಅವಳ ಉತ್ತರಗಳನ್ನ ಒಂದೊಂದಾಗಿ ನೋಡ್ದೆ. ಕಷ್ಟದಲ್ಲಿರೋರಿಗೆ ಸಹಾಯ ಮಾಡೋದು ಇಷ್ಟಾನಾ ಅಂತ ಕೇಳಿದ್ರೆ ಇಲ್ಲ ಅನ್ನೋ ಧೈರ್ಯ ಯಾವ ಮಗುಗೆ ಇರತ್ತೆ ಹೇಳಿ. ಒಳ್ಳೆ ಹುಡುಗಿ ಏನ್ ಬರೀಬೇಕೋ ಅದನ್ನ ಬರೆದಿದ್ಲು, ನಾನು ಅದನ್ನೇ ರಿಸಲ್ಟ್ ಅಂತ ಓದಿ ಹೇಳಿದ್ದೆ.

ಎರಡನೇ ಸಲ ಟೆಸ್ಟೆಲ್ಲ ಪಕ್ಕಕ್ಕಿಟ್ಟು, ವೆಟರ್ನರಿ ಡಾಕ್ಟರ್ ಬೆಳಗ್ಗಿಂದ ಸಂಜೆವರೆಗೆ ಏನ್ ಮಾಡ್ತಾರೆ ಅಂತ ಕೇಳ್ದೆ. ಪ್ರಾಣಿಗಳಿಗೆ ಟ್ರೀಟ್‌ಮೆಂಟ್ ಕೊಡ್ತಾರೆ. ಆಮೇಲೆ? ಸುಮ್ಮನಾದ್ಲು. ಹತ್ತು ವರ್ಷದ ಆಸೆ, ಆದ್ರೆ ಒಂದು ದಿನ ಹೇಗಿರತ್ತೆ ಅನ್ನೋ ಚಿತ್ರ ಇಲ್ಲ, ಆ ಬಾಕ್ಸಲ್ಲಿ ಬರೆಯೋಕೆ ಏನಾದ್ರೂ ಎಲ್ಲಿಂದ ಬರ್ಬೇಕು. ಅವಳ ತಪ್ಪು ಅಂತಾನೂ ಹೇಳೋ ಹಾಗಿಲ್ಲ. 1908ರಲ್ಲಿ ಬಾಸ್ಟನ್ನಲ್ಲಿ ಇಂಥ ಸಲಹೆಗೆ ಅಂತಲೇ ಒಂದು ಬ್ಯೂರೋ ಶುರು ಮಾಡಿದ ಫ್ರ್ಯಾಂಕ್ ಪಾರ್ಸನ್ಸ್ ಹೇಳಿದ್ದೂ ಇಷ್ಟೇ, ನಿನ್ನನ್ನ ನೀನು ತಿಳ್ಕೋ, ಕೆಲಸವನ್ನ ತಿಳ್ಕೋ, ಆಮೇಲೆ ಎರಡನ್ನೂ ತಾಳೆ ಹಾಕಿ ನೋಡು. ನೂರು ವರ್ಷ ಕಳೆದ್ರೂ ನಾವು ಸಲಹೆಗಾರರು ಮೊದಲನೇದರಲ್ಲೇ ಟೆಸ್ಟ್ ಮೇಲೆ ಟೆಸ್ಟ್ ಕೊಡ್ತಾ ಕೂತು ಎರಡನೇದಕ್ಕೆ ಮಕ್ಕಳ ಕೈಗೊಂದು ವಿಡಿಯೋ ಲಿಂಕ್ ಕೊಟ್ಟು ಕಳಿಸ್ತೀವಿ (ನಾನೂ ಕಳಿಸಿದೀನಿ).

ಹೋಮ್‌ವರ್ಕ್ ಕೊಟ್ಟೆ, ಯಾವುದಾದ್ರೂ ಕ್ಲಿನಿಕ್ಕಲ್ಲಿ ಎರಡು ದಿನ ಕೂತು ನೋಡ್ಕೊಂಡು ಬಾ. ಕೇಳೋಕೆ ಅವಳು ಬರೆದ ಮೆಸೇಜು ಒಂದೂವರೆ ಪೇಜಿತ್ತು, ಮನೆ ನಾಯಿಯ ಜೀವನಚರಿತ್ರೆ ಪೂರ್ತಿ. ಅದನ್ನ ನಾಲ್ಕು ಸಾಲಿಗೆ ಇಳಿಸಿದ್ವಿ: ನಾನು ಇಂಥವಳು, ಇದನ್ನ ಓದ್ಬೇಕಂತಿದೀನಿ, ಎರಡು ದಿನ ಮೂಲೇಲಿ ಕೂತು ನೋಡಬಹುದಾ, ಏನನ್ನೂ ಮುಟ್ಟಲ್ಲ, ತೊಂದರೆ ಆದ್ರೆ ಖಂಡಿತ ಇಲ್ಲ ಅನ್ನಿ. ಆರು ಕಡೆ ಕಳಿಸಿದ್ಲು, ಎರಡು ಕಡೆ ಉತ್ತರ ಬಂತು, ಒಂದು ಕಡೆ ಬಾ ಅಂದ್ರು. ಅಲ್ಲಿ ಹೋಗಿ "ನಿಮ್ಮ ಕೆಲಸ ನಿಮಗಿಷ್ಟಾನಾ" ಅಂತ ಮಾತ್ರ ಕೇಳ್ಬೇಡ ಅಂತ ಹೇಳಿದ್ದೆ, ಯಾಕಂದ್ರೆ ಎಲ್ಲರೂ ಹೂಂ ಅಂತಾರೆ ಇಲ್ಲಾ ನಗ್ತಾರೆ. ಹೋದ ಮಂಗಳವಾರ ಬೆಳಗ್ಗಿಂದ ಏನೇನ್ ಮಾಡಿದ್ರಿ ಅಂತ ಕೇಳು, ಯಾವ ಭಾಗನ ಬೇರೆಯವರ ತಲೆಗೆ ಕಟ್ಟಿಬಿಡೋಣ ಅನ್ಸತ್ತೆ ಅಂತ ಕೇಳು, ಈ ಕೆಲಸ ಬಿಟ್ಟೋದೋರು ಯಾಕೆ ಬಿಟ್ರು ಅಂತ ಕೇಳು. ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ಕು, ಅರ್ಧ ಗಂಟೆಗೊಂದ್ಸಲ ಒಂದು ಸಾಲು, ಈಗ ಏನ್ ನೋಡ್ತಿದೀನಿ, ಬೋರ್ ಆಗ್ತಿದ್ಯಾ ಇಲ್ವಾ.

ವಾಪಸ್ ಬಂದಾಗ ಮುಖ ಸಪ್ಪಗಿತ್ತು. ಮೊದಲ ದಿನ ಒಂದು ಮುದಿ ನಾಯಿ ಬಂದಿತ್ತಂತೆ, ಕಿಡ್ನಿ ಎರಡೂ ಕೈಕೊಟ್ಟು, ಕೊನೆಗೆ ನೋವಿಲ್ಲದೆ ಕಳಿಸ್ಕೊಡೋ ಇಂಜೆಕ್ಷನ್ನು. ಇಂಜೆಕ್ಷನ್ ಕೆಲವೇ ನಿಮಿಷ, ಅದಕ್ಕೆ ಮುಂಚೆ ಮನೆಯವರ ಜೊತೆ ಡಾಕ್ಟರು ಮಾತಾಡಿದ್ದು ಮುಕ್ಕಾಲು ಗಂಟೆ. ಇವಳಿಗೆ ತಡ್ಕೊಳ್ಳೋಕಾಗದೆ ಹೊರಗೆ ಹೋಗಿ ನಿಂತಿದ್ಲು. "ಡಾಕ್ಟರ್ ದಿನವಿಡೀ ಮನುಷ್ಯರ ಜೊತೇನೇ ಮಾತಾಡ್ತಾರೆ ಮೇಡಂ, ಔಷಧಿ ಯಾಕೆ, ಖರ್ಚೆಷ್ಟು, ಆಪರೇಷನ್ ಬೇಕಾ ಬೇಡ್ವಾ, ಬರೀ ಇದೇ." ನೋಟ್‌ಬುಕ್ಕಲ್ಲಿ ಮೊದಲ ದಿನ ಪ್ರತಿ ಅರ್ಧ ಗಂಟೆಗೂ ಸಾಲಿದೆ, ಅರ್ಧಕ್ಕರ್ಧ ಸಾಲಲ್ಲಿ "ಟೈಮ್ ನೋಡ್ದೆ".

ಎರಡನೇ ದಿನದ ಪೇಜಲ್ಲಿ 10:30ಕ್ಕೆ ಒಂದು ಸಾಲು, ಆಮೇಲೆ 1:30ರವರೆಗೆ ಏನೂ ಇಲ್ಲ. ಇದ್ಯಾಕೆ ಖಾಲಿ ಬಿಟ್ಟಿದೀಯ ಅಂದೆ. "ಬರೆಯೋದು ಮರ್ತೋಯ್ತು." ಅವತ್ತು ಡಾಕ್ಟರ್ ಆಪರೇಷನ್ನಲ್ಲಿದ್ರು, ಇವಳನ್ನ ಹಿಂದಿನ ಚಿಕ್ಕ ಲ್ಯಾಬ್ ರೂಮಲ್ಲಿ ಟೆಕ್ನಿಷಿಯನ್ ಹತ್ರ ಕೂರಿಸಿದ್ರಂತೆ. ಅಲ್ಲಿಂದ ಮಾತು ಶುರುವಾಗಿದ್ದು ನಿಲ್ಲಲೇ ಇಲ್ಲ. ಸ್ಲೈಡ್ ಮೇಲೆ ಒಂದು ಹನಿ ರಕ್ತ ಇಟ್ಟು ಇನ್ನೊಂದು ಸ್ಲೈಡನ್ನ ಓರೆಯಾಗಿ ಹಿಡಿದು ಒಂದೇ ಸಲ ಸರ್ ಅಂತ ತಳ್ಳಿದ್ರೆ ನಾಲಿಗೆ ಥರ ತೆಳ್ಳಗೆ ಹರಡ್ಕೊಳ್ಳತ್ತಂತೆ, ಕೈ ನಡುಗಿದ್ರೆ ಮತ್ತೆ ಮೊದಲಿಂದ. ನಾಯಿ ಕಕ್ಕಸನ್ನ ಗಟ್ಟಿ ಉಪ್ಪುನೀರಲ್ಲಿ ಕಲಸಿ ಟ್ಯೂಬ್ ತುಂಬ ಹಾಕಿ ಮೇಲೊಂದು ತೆಳು ಗಾಜಿಟ್ಟು ಹತ್ತು ಹದಿನೈದು ನಿಮಿಷ ಬಿಟ್ರೆ, ಹುಳದ ಮೊಟ್ಟೆ ಹಗುರ ಅಲ್ವಾ, ತೇಲ್ಕೊಂಡು ಬಂದು ಗಾಜಿಗೆ ಅಂಟ್ಕೊಳ್ಳತ್ತೆ. "ಸಿಕ್ತು ಮೇಡಂ ನಂಗೆ! ಎರಡು ಸಿಕ್ತು!" ಹೊಲಸು ಅನ್ನಿಸ್ಲಿಲ್ವಾ ಅಂದ್ರೆ, ಯಾವುದು ಹೊಲಸು ಅನ್ನೋ ಹಾಗೆ ನನ್ನೇ ನೋಡಿದ್ಲು.

ಆಮೇಲೆ ಧ್ವನಿ ಇಳೀತು. "ಆದ್ರೆ ಅವರು ಬರೀ ಟೆಕ್ನಿಷಿಯನ್ ಅಲ್ವಾ."

ಆ "ಬರೀ" ಅನ್ನೋದರ ಮೇಲೆ ಒಂದು ಪೂರ್ತಿ ಸೆಷನ್ ಹೋಯ್ತು. ಲಿಂಡಾ ಗಾಟ್‌ಫ್ರೆಡ್ಸನ್ ಅನ್ನೋ ಅಮೆರಿಕದ ಸಂಶೋಧಕಿ 1981ರಲ್ಲಿ ಬರೆದ ಪ್ರಕಾರ ಮಕ್ಕಳು ಆರರಿಂದ ಎಂಟು ವರ್ಷದೊಳಗೆ ಇದು ಹುಡುಗರ ಕೆಲಸ ಇದು ಹುಡುಗೀರ ಕೆಲಸ ಅಂತ ಒಂದಷ್ಟನ್ನ ಹೊಡೆದು ಹಾಕ್ತಾರೆ, ಒಂಬತ್ತರಿಂದ ಹದಿಮೂರರೊಳಗೆ ಇದು ಮೇಲು ಇದು ಕೀಳು ಅಂತ ಇನ್ನೊಂದಷ್ಟು, ನನಗೇನು ಹಿಡಿಸತ್ತೆ ಅನ್ನೋ ಯೋಚನೆ ಬರೋದು ಅದಾದಮೇಲೆ. ಅಂದ್ರೆ ನನ್ನ ರೂಮಿಗೆ ಬರೋಷ್ಟರಲ್ಲಿ ಲಿಸ್ಟು ಅರ್ಧ ಅಳಿಸಿಹೋಗಿರತ್ತೆ, ಅಳಿಸಿದ್ದು ಯಾವಾಗ ಅಂತ ಅವರಿಗೇ ನೆನಪಿರಲ್ಲ. ಈ ಥಿಯರಿನ ಅವಳಿಗೆ ಹೇಳ್ಲಿಲ್ಲ, ಟೆಕ್ನಿಷಿಯನ್ ಅಂದ್ರೆ ಬರೀ ಅಂತ ಮೊದಲು ಹೇಳಿದ್ದು ಯಾರು ಅಂತ ಮಾತ್ರ ಕೇಳ್ದೆ. ತುಂಬ ಹೊತ್ತು ಯೋಚನೆ ಮಾಡಿ "ಯಾರೂ ಹೇಳ್ಲಿಲ್ಲ" ಅಂದ್ಲು.

ಕೊಟ್ಟ ಸಲಹೆ ಇಷ್ಟು. ವೆಟರ್ನರಿ ಬಿಡು ಅಂತ ನಾನು ಹೇಳ್ಲಿಲ್ಲ, ಒಂದು ಕ್ಲಿನಿಕ್ಕು ಎರಡು ದಿನ ನೋಡಿ ತೀರ್ಪು ಕೊಡೋಕೆ ಬರಲ್ಲ, ಅಳೋರ ಜೊತೆ ಮಾತಾಡೋದನ್ನ ಎಷ್ಟೋ ಡಾಕ್ಟರುಗಳು ಕೆಲಸಕ್ಕೆ ಸೇರಿದಮೇಲೇ ಕಲೀತಾರೆ. ಆದ್ರೆ ಡಾಕ್ಟರು ಟೆಕ್ನಿಷಿಯನ್ನು ಎರಡೇ ಇರೋದು ಅನ್ಕೊಂಡಿದ್ಲಲ್ಲ, ಆ ಎರಡರ ಮಧ್ಯೆ ಏನೇನಿದೆ ಅಂತ ಒಂದು ದೊಡ್ಡ ಹಾಳೆ ಮೇಲೆ ಬರೆದ್ವಿ: ವೆಟರ್ನರಿ ಓದಿ ಮೈಕ್ರೋಸ್ಕೋಪ್ ಮುಂದೇನೇ ಕೂರೋ ಪೆಥಾಲಜಿಸ್ಟುಗಳಿದಾರೆ, ಪರಾವಲಂಬಿ ಹುಳಗಳ ಮೇಲೇ ರಿಸರ್ಚ್ ಮಾಡೋರಿದಾರೆ, ಮೈಕ್ರೋಬಯಾಲಜಿ, ಮನುಷ್ಯರ ಡಯಾಗ್ನೋಸ್ಟಿಕ್ ಲ್ಯಾಬು, ಆಹಾರ ಪರೀಕ್ಷೆ ಲ್ಯಾಬು. ಬಯಾಲಜಿ ಕೆಮಿಸ್ಟ್ರಿ ಹೇಗೂ ಬೇಕು, ಗಣಿತ ಬಿಡೋ ಯೋಚನೆ ಇತ್ತು, ಈಗ್ಲೇ ಬಿಡ್ಬೇಡ ಅಂದೆ. ಪ್ರತಿ ಕೋರ್ಸಿಗೂ ಕಾಲೇಜಿಗೇ ಫೋನ್ ಮಾಡಿ ಕೇಳ್ಬೇಕಾದ್ದು: ಯಾವ ಸಬ್ಜೆಕ್ಟ್ ಕಡ್ಡಾಯ, ಮುಗಿಸಿದ್ರೆ ಲೈಸೆನ್ಸ್ ನೇರ ಸಿಗತ್ತಾ ಇನ್ನೊಂದು ಪರೀಕ್ಷೆ ಇದ್ಯಾ, ಮಧ್ಯದಲ್ಲಿ ಬೇರೆ ಕೋರ್ಸಿಗೆ ಹೋದ್ರೆ ಓದಿದ್ದು ಲೆಕ್ಕಕ್ಕೆ ಬರತ್ತಾ, ಫೀಸು ಮೊದಲ ವರ್ಷದ್ದಲ್ಲ ಪೂರ್ತಿ ಕೋರ್ಸಿಂದು ಎಷ್ಟು. ವೆಟರ್ನರಿ, ಲ್ಯಾಬು, ಎರಡೂ ಥರದ ಕೋರ್ಸಿಗೆ ಅಪ್ಲೈ ಮಾಡು. ಬಾಕ್ಸಲ್ಲಿ 10:30ರಿಂದ 1:30ರವರೆಗೆ ಏನಾಯ್ತೋ ಅದನ್ನೇ ಬರಿ.

ಅಪ್ಪ ಅಮ್ಮಂಗೆ ಎರಡು ಮಾತು. ಒಂದು ತಿಂಗಳು ಊಟದ ಹೊತ್ತಲ್ಲಿ "ಏನ್ ಡಿಸೈಡ್ ಮಾಡ್ದೆ" ಅಂತ ಕೇಳೋ ಹಾಗಿಲ್ಲ. ಮತ್ತೆ, ನಿಮ್ಮ ಕೈಲಿ ಎಷ್ಟು ದುಡ್ಡು ಹಾಕೋಕಾಗತ್ತೆ ಅಂತ ಒಂದು ನಂಬರು ಅವಳಿಗೆ ಬಾಯ್ಬಿಟ್ಟು ಹೇಳಿ. ಮಗುಗೆ ಯಾಕೆ ಟೆನ್ಷನ್ ಅಂತ ದೊಡ್ಡವರು ದುಡ್ಡಿನ ವಿಷಯ ಮುಚ್ಚಿಡ್ತಾರೆ, ಮಕ್ಕಳು ಕತ್ತಲಲ್ಲಿ ಲೆಕ್ಕ ಹಾಕ್ಕೊಂಡು ಇನ್ನೂ ಹೆದರ್ತಾರೆ. ಇವಳು ನಿಜವಾಗ್ಲೂ ಹಾಗೇ ಮಾಡ್ತಿದ್ಲು, ಅದು ಆಮೇಲೆ ಗೊತ್ತಾಯ್ತು. ನಿದ್ದೆ ವಿಷಯಾನೂ ಬಿಟ್ಟಿರ್ಲಿಲ್ಲ, ಪ್ರತಿ ಸಲ ಕೇಳ್ತಿದ್ದೆ, ಸರಿಹೋಗ್ದಿದ್ರೆ ಡಾಕ್ಟರ ಹತ್ರ ಕಳಿಸೋಳಿದ್ದೆ, ಮೂರನೇ ವಾರದ ಹೊತ್ತಿಗೆ ಸರಿಯಾಯ್ತು.

ಅಪ್ಲಿಕೇಶನ್ ಎರಡೂ ಹೋಗಿದೆ, ಯಾವುದು ಸಿಗತ್ತೋ ಇನ್ನೂ ಗೊತ್ತಿಲ್ಲ. ಮೊನ್ನೆ ಅವಳಪ್ಪ ಫೋನ್ ಮಾಡಿದ್ರು, ಸ್ವಲ್ಪ ಸಂಕೋಚದಿಂದಲೇ ಕೇಳಿದ್ರು, "ಎಲ್ಲಾ ಸರಿ ಮೇಡಂ, ಅಕಸ್ಮಾತ್ ಆ ಲ್ಯಾಬ್ ಕೋರ್ಸೇ ಆದ್ರೆ, ಮಗಳು ಏನ್ ಓದ್ತಿದಾಳೆ ಅಂತ ಕೇಳಿದೋರಿಗೆ ಏನಂತ ಹೇಳ್ಲಿ?" ನಾನು ಬಾಯಿ ತೆಗೆಯೋಷ್ಟರಲ್ಲಿ ಹಿಂದಿಂದ ಹುಡುಗಿ ಕೂಗಿದ್ಲು, "ಹುಳದ ಮೊಟ್ಟೆ ಹುಡುಕ್ತಾಳೆ ಅಂತ ಹೇಳಪ್ಪಾ!"