ಸಣ್ಣ ತರಕಾರಿ ಬೆಳೆಗಾರರಿಗೆ ಒಳ್ಳೆ ಮಾರುಕಟ್ಟೆ ಸಿಗುವಂತೆ ಮಾಡೋದು ಹೇಗೆ?

ಒಬ್ಬೊಬ್ಬರೇ ಮಾರುವುದನ್ನು ಬಿಟ್ಟು, ಅಕ್ಕಪಕ್ಕದ ಹತ್ತಿಪ್ಪತ್ತು ಬೆಳೆಗಾರರು ಮಾಲು ಒಟ್ಟುಮಾಡಿ ಮಾರುವಂತಾಗಬೇಕು. ಉಳಿದದ್ದೆಲ್ಲ ಆಮೇಲೆ.

ಗಾಡಿ ಬಾಡಿಗೆ ಎರಡು ಕ್ರೇಟ್ ಟೊಮೆಟೊಗೂ ಅಷ್ಟೇ, ನಲವತ್ತಕ್ಕೂ ಹೆಚ್ಚುಕಮ್ಮಿ ಅಷ್ಟೇ. ಮಾಲು ಕಮ್ಮಿಯಿದ್ದರೆ ಆ ಖರ್ಚೇ ಲಾಭ ತಿಂದುಬಿಡುತ್ತದೆ. ಜೊತೆಗೆ ತರಕಾರಿ ಕಾಯುವುದಿಲ್ಲ. ಬೆಳಿಗ್ಗೆ ಕೊಯ್ದ ಸೊಪ್ಪು ಬಿಸಿಲಿಗೆ ಮಧ್ಯಾಹ್ನದೊಳಗೆ ಬಾಡುತ್ತದೆ. ರೈತ ಅದನ್ನು ವಾಪಸ್ ಒಯ್ಯಲಾರ ಅಂತ ವ್ಯಾಪಾರಿಗೂ ಗೊತ್ತು. ಆಗ ಅವನು ಹೇಳಿದ್ದೇ ರೇಟು, ಅಲ್ವಾ? ಹತ್ತು ಜನರ ಮಾಲು ಒಟ್ಟಿಗಿದ್ದರೆ ಖರೀದಿದಾರರೇ ಹುಡುಕಿಕೊಂಡು ಬರಬಹುದು. ದೊಡ್ಡ ಅಂಗಡಿ, ಹೋಟೆಲುಗಳಿಗೆ ಬೇಕಿರುವುದು ದಿನಾ ತಪ್ಪದೆ ಬರುವ, ಒಂದೇ ತರದ ಮಾಲು.

ಸುಮ್ನೆ ಒಟ್ಟಿಗೆ ಸುರಿದರೆ ಮಾತ್ರ ಸಾಲದು. ಗಾತ್ರ, ಬಣ್ಣ ನೋಡಿ ಹೊಲದಲ್ಲೇ ಬೇರೆ ಮಾಡಬೇಕು. ನಾಲ್ಕು ಒಡೆದ ಹಣ್ಣು ಕಂಡರೆ ಇಡೀ ಕ್ರೇಟಿನ ರೇಟು ಬೀಳುತ್ತದೆ. ಮೂಟೆಯಂತೂ ಬೇಡವೇ ಬೇಡ, ಅಡಿಯ ಹಣ್ಣು ಜಜ್ಜಿಹೋಗುತ್ತದೆ.

ಸಹಾಯ ಮಾಡುವವರು ಮೊದಲು ಕೊಡಬೇಕಾದ್ದು, ನನ್ನ ಪ್ರಕಾರ, ಮಾಲು ಸೇರಿಸಲು ನೆರಳಿರುವ ಒಂದು ಜಾಗ, ಒಳ್ಳೆ ತಕ್ಕಡಿ, ಯಾರದ್ದು ಎಷ್ಟು ಕೆಜಿ ಅಂತ ಎಲ್ಲರೆದುರು ಬರೆಯುವ ಪುಸ್ತಕ. ಲೆಕ್ಕದಲ್ಲಿ ಅನುಮಾನ ಬಂದರೆ ಇಂಥ ಗುಂಪು ಒಡೆದುಹೋಗಬಹುದು.